ಸಹಾಯ ಬೇಕು: ಬದಲಾದ ನಿಯಮಕ್ಕೆ ಕಥೆಯೊಳಗೆ ಕಾರಣ ಕೊಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ನಾವು ಐದು ಮಂದಿ ಭಾನುವಾರ ಸಂಜೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ; ಒಬ್ಬರು ಕಥೆ ನಡೆಸಿ, ಉಳಿದವರು ಅದರ ಪಾತ್ರಗಳಾಗಿ ಆಡುವ ಆಟವಿದು. ಕಥೆ ನಡೆಸುವ ಹೊಣೆ ನನ್ನದಾದ್ದರಿಂದ ಗೆಳೆಯರು ನನ್ನನ್ನು ಭಾಗವತರೆಂದೇ ಕರೆಯುತ್ತಾರೆ. 2014ರ ನಿಯಮಗಳಲ್ಲಿ ಆರಂಭಿಸಿದ ಈ ಕಥೆಯನ್ನು ಅರ್ಧಕ್ಕೆ ನಿಲ್ಲಿಸದೆ 2024ರ ನಿಯಮಗಳಿಗೆ ಒಯ್ಯಬೇಕಾಗಿದೆ.

ತೊಡಕಿರುವುದು ಪ್ಯಾಲಡಿನ್, ಅಂದರೆ ಹರಕೆ ಹೊತ್ತ ಯೋಧನ ಪಾತ್ರದಲ್ಲಿ. ಹಿಂದೆ ಆತ ಒಂದೇ ಸರದಿಯಲ್ಲಿ ತಗುಲಿದ ಪ್ರತಿ ಏಟಿಗೂ ಡಿವೈನ್ ಸ್ಮೈಟ್ ಎಂಬ, ಏಟಿನ ಪೆಟ್ಟು ಹೆಚ್ಚಿಸುವ ದೈವಶಕ್ತಿಯನ್ನು ಸೇರಿಸಬಹುದಿತ್ತು. ಈಗ ಅದು ಬೋನಸ್ ಆ್ಯಕ್ಷನ್ (ಸರದಿಗೆ ಒಂದೇ ಸಿಗುವ ಹೆಚ್ಚುವರಿ ಕ್ರಿಯೆ) ಬೇಡುವ ಮಂತ್ರವಾಗಿರುವುದರಿಂದ ಸರದಿಗೆ ಒಮ್ಮೆ ಮಾತ್ರ ಸಾಧ್ಯ. ಕಳೆದ ವಾರದವರೆಗೆ ಇದ್ದ ಶಕ್ತಿ ಇಂದು ಏಕೆ ಕುಗ್ಗಿತು ಎಂದು ಆ ಆಟಗಾರ ಕೇಳುತ್ತಿದ್ದಾನೆ, ಅದು ನ್ಯಾಯವೂ ಹೌದು.

ಆಟದ ಪ್ರಕಾಶಕರೂ ಹಿಂದೆ ನಿಯಮ ಬದಲಾದಾಗ ಕಥೆಯೊಳಗೆ ಕಾರಣ ಕೊಟ್ಟದ್ದುಂಟು. ಈ ಆಟದ ಕಾಲ್ಪನಿಕ ಲೋಕಗಳಲ್ಲೊಂದಾದ ಫರ್ಗಾಟನ್ ರೆಲ್ಮ್ಸ್‌ನಲ್ಲಿ, ನಿಯಮಗಳ ಎರಡನೆಯ ಆವೃತ್ತಿ ಅಸ್ಯಾಸಿನ್ (ಗುಪ್ತ ಹಂತಕ) ಎಂಬ ಪಾತ್ರವರ್ಗವನ್ನು ಕೈಬಿಟ್ಟಾಗ, ಕಥೆಯಲ್ಲಿ ಅವರೆಲ್ಲ ಸತ್ತರೆಂದು ತೋರಿಸಲಾಯಿತು. 2008ರ ನಾಲ್ಕನೆಯ ಆವೃತ್ತಿಗಾಗಿ ಮಾಂತ್ರಿಕ ವಿದ್ಯೆಯ ದೇವತೆ ಮಿಸ್ಟ್ರಾಳನ್ನೇ ಕೊಲ್ಲಿಸಿ, ಸ್ಪೆಲ್‌ಪ್ಲೇಗ್ ಎಂಬ ಮಹಾವಿಪತ್ತನ್ನು ತರಲಾಯಿತು. ಒಂದು ಏಟಿನ ಲೆಕ್ಕಕ್ಕಾಗಿ ದೇವಲೋಕವನ್ನೇ ಕೆಡವುವುದು ನನಗಂತೂ ಅತಿಯೆನಿಸುತ್ತದೆ.

ನಮ್ಮ ಕಥೆಯ ಬಂದರನ್ನು ಕಾರವಾರದ ಕಾಳಿ ನದಿಯ ಅಳಿವೆಯನ್ನು ನೋಡಿ ಕಟ್ಟಿದ್ದೇನೆ. ಪ್ಯಾಲಡಿನ್ ಹರಕೆ ಹೊತ್ತಿರುವುದು ಅಲ್ಲಿನ ಕಡಲದೇವತೆಗೆ. ಮಳೆಗಾಲದಲ್ಲಿ ಅಳಿವೆಯ ಮರಳದಿಬ್ಬ ಜಾಗ ಬದಲಿಸಿ, ದೇವತೆಯ ಶಕ್ತಿ ಹರಿಯುವ ದಾರಿ ಕಿರಿದಾಯಿತೆಂದರೆ ನಂಬುವಂತಿರುತ್ತದೆಯೇ? ಅಥವಾ ಕಥೆಯ ನೆಪವಿಲ್ಲದೆ ನೇರವಾಗಿ ಹೇಳುವುದೇ ಲೇಸೇ? ನಡುವೆ ನಿಯಮ ಬದಲಿಸಿ ಆಡಿದವರು ದಯವಿಟ್ಟು ತಮ್ಮ ಅನುಭವ ತಿಳಿಸಬೇಕು. ಮುಂದಿನ ಭಾನುವಾರದೊಳಗೆ ನಾನು ತೀರ್ಮಾನಿಸಬೇಕಾಗಿದೆ.