ಸಹಾಯ ಬೇಕು: ಒಳ್ಳೆಯ ಹೆಡ್‌ಫೋನ್‌ನಲ್ಲಿ ಏನು ಕೇಳಲಿ?

ತುಂಬಾ ದಿನ ಕಾದು 300 ಓಮ್‌ನ ಓಪನ್ ಬ್ಯಾಕ್ (ಹಿಂಬದಿ ತೆರೆದಿರುವ) ಹೆಡ್‌ಫೋನ್ ಕೊಂಡೆ. ಅದನ್ನು ನಡೆಸಲು ಪ್ರತ್ಯೇಕ ಆಂಪ್ (ಆಂಪ್ಲಿಫೈಯರ್) ಕೂಡ ಇದೆ. ಆದರೆ ನಾನು ದಿನಾ ಕೇಳುತ್ತಿದ್ದ ಅರ್ಧ ಹಾಡುಗಳು ಈಗ ಸಪ್ಪೆ ಅನಿಸುತ್ತಿವೆ! ಫೈಲ್‌ನ ತಪ್ಪಲ್ಲ, ಎಲ್ಲವೂ 16 ಬಿಟ್, 44.1 ಕಿಲೋಹರ್ಟ್ಸ್ ಫ್ಲ್ಯಾಕ್, ಅಂದರೆ ಸಿಡಿ ಗುಣಮಟ್ಟ ಕಳೆದುಕೊಳ್ಳದ ಫೈಲ್‌ಗಳು. ಮಾಸ್ಟರಿಂಗ್‌ನಲ್ಲೇ (ಬಿಡುಗಡೆಗೆ ಮುಂಚೆ ಧ್ವನಿಯನ್ನು ಅಂತಿಮಗೊಳಿಸುವ ಹಂತ) ಎಲ್ಲವನ್ನೂ ಒಂದೇ ಸಮ ಜೋರು ಮಾಡಿಬಿಟ್ಟಿದ್ದಾರೆ ಅಂತ ನನ್ನ ಗುಮಾನಿ.

ಮೊನ್ನೆ ಒಂದು ಬೈನಾರಲ್ ರೆಕಾರ್ಡಿಂಗ್ ಕೇಳಿದೆ. ಬೊಂಬೆ ತಲೆಯ ಎರಡು ಕಿವಿಗಳಲ್ಲಿ ಮೈಕ್ ಇಟ್ಟು ಮಾಡುತ್ತಾರಲ್ವಾ, ಅದು. ಹಿಂದೆ ಯಾರೋ ಬಂದರು ಅಂತ ತಿರುಗಿಯೇ ನೋಡಿದೆ!

ಅಂಥವು ಇದ್ದರೆ ಹೇಳಿ. ತಂಬೂರಿಯ ನಾದ, ವೀಣೆಯ ಮೀಟು, ಹಾಡುವವರ ಉಸಿರು ಬಿಡಿಬಿಡಿಯಾಗಿ ಕೇಳುವ ರೆಕಾರ್ಡಿಂಗ್ ಆದರೂ ಸರಿ. ಸುಮ್ನೆ ಬಾಸ್ ಗುದ್ದುವುದು ಬೇಡ. ಒಂದೇ ಆಲ್ಬಮ್‌ಗೆ ಹಲವು ಮಾಸ್ಟರ್‌ಗಳಿದ್ದರೆ ಯಾವುದು ಚೆನ್ನ ಅಂತಲೂ ತಿಳಿಸಿ.