‘ಅಗ್ರವೇಟೆಡ್ ಕ್ರುಯಲ್ಟಿ’ಗೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯ 2017ರಲ್ಲಿ ಪ್ರಾಣಿಹಿಂಸೆಯ ಶಿಕ್ಷೆಗಳನ್ನು ಬಿಗಿ ಮಾಡಿತು. ಸಾಯುವ ಸ್ಥಿತಿಯಲ್ಲಿ ಸಿಕ್ಕು ಬದುಕುಳಿದ ಲೀಬ್ರೆ ಎಂಬ ನಾಯಿಮರಿಯ ಹೆಸರು ಆ ಕಾನೂನಿಗೆ ಅಂಟಿಕೊಂಡಿದೆ. ಅದರ ಬಗೆಗಿನ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ, ಮೂರು ಪದಗಳಲ್ಲಿ ಒಂದು ಕೈಗೆ ಸಿಗುತ್ತಿಲ್ಲ.

ಕಾನೂನು ತಪ್ಪನ್ನು ನೆಗ್ಲೆಕ್ಟ್, ಕ್ರುಯಲ್ಟಿ, ಅಗ್ರವೇಟೆಡ್ ಕ್ರುಯಲ್ಟಿ ಎಂದು ಮೂರಾಗಿ ವಿಂಗಡಿಸುತ್ತದೆ. ಆಹಾರ, ನೀರು, ನೆರಳು, ಚಿಕಿತ್ಸೆ ಕೊಡದಿರುವುದು ಮೊದಲನೆಯದು. ಅದಕ್ಕೆ ‘ನಿರ್ಲಕ್ಷ್ಯ’ ಸಾಕು. ‘ಉಪೇಕ್ಷೆ’ ಎಂದರೆ ವಿರಹದ ಪದ್ಯದ ವಾಸನೆ ಬರುತ್ತದೆ. ಎರಡನೆಯದಕ್ಕೆ ‘ಹಿಂಸೆ’ಗಿಂತ ‘ಕ್ರೌರ್ಯ’ ವಾಸಿ. ಯಾಕೆಂದರೆ ಹೊಡೆಯುವುದು, ಮಿತಿಮೀರಿ ಹೊರೆ ಹೇರುವುದರ ಜೊತೆಗೆ ಎಲ್ಲೋ ಬಿಟ್ಟು ಹೋಗುವುದೂ ಅದರಲ್ಲಿದೆ. ಬಿಟ್ಟು ಹೋದದ್ದನ್ನು ನಾವು ಹಿಂಸೆ ಅನ್ನುವುದು ಕಡಿಮೆ.

ಮೂರನೆಯದೇ ತೊಡಕು. ‘ಘೋರ ಕ್ರೌರ್ಯ’ ಎಂದು ಬರೆದು ನೋಡಿದೆ. ಓದಿದ ಕೂಡಲೇ ಕತ್ತಿ, ಬೆಂಕಿ ಕಣ್ಣಿಗೆ ಬರುತ್ತವೆ. ಚಿತ್ರಹಿಂಸೆ ಈ ಕಲಮಿನಲ್ಲಿ ಇದೆ, ನಿಜ. ಆದರೆ ಕೂಳು ನೀರಿಲ್ಲದೆ ಕೆಡವಿದ ನಾಯಿ ಸತ್ತರೆ ಅಥವಾ ಅದರ ಮೈಗೆ ತೀವ್ರ ಹಾನಿಯಾದರೆ, ಆ ನಿರ್ಲಕ್ಷ್ಯವೇ ಮೇಲೇರಿ ಇಲ್ಲಿಗೆ ಬಂದು ನಿಲ್ಲುತ್ತದೆ. ಯಾರೂ ಕೈಯೆತ್ತಿರುವುದಿಲ್ಲ. ಅಂಥದ್ದಕ್ಕೆ ‘ಘೋರ’ ಹೊಂದುತ್ತದೆಯೇ? ‘ಉಲ್ಬಣಿತ ಕ್ರೌರ್ಯ’ ಎಂದರೆ ಜ್ವರದ ಮಾತಾಗುತ್ತದೆ. ‘ತೀವ್ರ ಕ್ರೌರ್ಯ’ ಸಪ್ಪೆಯಾದರೂ ಸುಳ್ಳು ಹೇಳುವುದಿಲ್ಲ, ಸದ್ಯಕ್ಕೆ ಅದನ್ನೇ ಇಟ್ಟಿದ್ದೇನೆ.

ಇದರ ಬೆನ್ನಿಗೇ ಫೆಲನಿ, ಮಿಸ್‌ಡಿಮೀನರ್ ಜೋಡಿ ಬರುತ್ತದೆ. ಶಿಕ್ಷೆಯ ಅಳತೆ ನೋಡಿ ಅಲ್ಲಿನ ಕಾನೂನು ಅಪರಾಧಗಳನ್ನು ವಿಂಗಡಿಸುವ ಹೆಸರುಗಳಿವು, ಫೆಲನಿ ಹೆಚ್ಚಿನದು, ಮಿಸ್‌ಡಿಮೀನರ್ ಅದಕ್ಕಿಂತ ಕೆಳಗಿನದು. ಪತ್ರಿಕೆಗಳಲ್ಲಿ ‘ಗಂಭೀರ ಅಪರಾಧ’, ‘ಸಣ್ಣ ಅಪರಾಧ’ ಎಂದು ಹಾಕುವುದನ್ನು ಕಂಡಿದ್ದೇನೆ. ಎರಡನೆಯದನ್ನು ನಾನು ಒಪ್ಪುವುದಿಲ್ಲ. ಪೆನ್ಸಿಲ್ವೇನಿಯದಲ್ಲಿ ಮೊದಲ ದರ್ಜೆಯ ಮಿಸ್‌ಡಿಮೀನರಿಗೆ 5 ವರ್ಷದವರೆಗೆ ಜೈಲು ಇದೆ, ಅದನ್ನು ಸಣ್ಣದು ಅನ್ನುವುದು ಹೇಗೆ? ತೀವ್ರ ಕ್ರೌರ್ಯ ಮೂರನೇ ದರ್ಜೆಯ ಫೆಲನಿ, ಅದಕ್ಕೆ 7 ವರ್ಷದವರೆಗೆ. ನಮ್ಮ ‘ಸಂಜ್ಞೇಯ’, ‘ಅಸಂಜ್ಞೇಯ’ವನ್ನು ಎರವಲು ತರುವಂತೆಯೂ ಇಲ್ಲ, ಅವು ವಾರಂಟಿಲ್ಲದೆ ಪೊಲೀಸರು ಬಂಧಿಸಬಹುದೇ ಇಲ್ಲವೇ ಅನ್ನುವುದಕ್ಕೆ ಸಂಬಂಧಪಟ್ಟವು, ಶಿಕ್ಷೆಯ ಅಳತೆಗಲ್ಲ. ಹಾಗಾಗಿ ಈ ಎರಡನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಉಳಿಸಿ, ಮೊದಲ ಸಲ ಬಂದಲ್ಲಿ ಒಂದು ಸಾಲಿನ ವಿವರಣೆ ಕೊಡುತ್ತೇನೆ.

‘ಅಗ್ರವೇಟೆಡ್’ಗೆ ಮಾತ್ರ ಹಾಗೆ ಕೈಚೆಲ್ಲಲು ಮನಸ್ಸಿಲ್ಲ. ಕೋರ್ಟಿನ ಕನ್ನಡದಲ್ಲಿ ಪಳಗಿದವರು ತೀರ್ಪು, ದೋಷಾರೋಪಗಳಲ್ಲಿ ಇದಕ್ಕೆ ಯಾವ ಪದ ಬಳಸುತ್ತೀರಿ?