ಮಾರ್ಪಡಿಸಿದ ಎಂ.ಜಿ.ಬಿ. ಎಂಜಿನ್‌ಗೆ ಎಸ್‌ಯು, ವೆಬರ್, ಇಂಜೆಕ್ಷನ್: ಯಾವುದು ಹೊಂದೀತು?

ಪ್ರಶ್ನೆ

ನಮಸ್ಕಾರ. ನನ್ನ ಬಳಿ 1966ರ ಎಂ.ಜಿ.ಬಿ. ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಇದೆ. ಅದರ 1,798 ಸಿ.ಸಿ. ಎಂಜಿನ್ನನ್ನು ಪೂರ್ತಿ ಬಿಚ್ಚಿ, ಸಿಲಿಂಡರ್‌ಗಳನ್ನು 60 ಥೌ (0.060 ಇಂಚು) ಹಿಗ್ಗುವಂತೆ ಬೋರ್ ಮಾಡಿಸಿ, ಹೆಡ್‌ನ ಪೋರ್ಟ್‌ಗಳನ್ನು (ಗಾಳಿ, ಹೊಗೆ ಸಾಗುವ ದಾರಿಗಳನ್ನು) ತಿದ್ದಿಸಿ, ದೊಡ್ಡ ಇನ್‌ಲೆಟ್ ವಾಲ್ವ್‌ಗಳನ್ನೂ ಚುರುಕಾದ ಕ್ಯಾಮ್‌ಶಾಫ್ಟನ್ನೂ ಹಾಕಿಸಿದ್ದೇನೆ. ಈಗ ಅದು ಸುಮಾರು 1,868 ಸಿ.ಸಿ. ಆಗಿದೆ. ಗಾಳಿಗೆ ಪೆಟ್ರೋಲ್ ಬೆರೆಸುವ, ಮೂಲದ ಒಂದೂವರೆ ಇಂಚಿನ ಜೋಡಿ ಎಸ್‌ಯು ಕಂಪನಿಯ ಎಚ್‌ಎಸ್4 ಕಾರ್ಬ್ಯುರೇಟರ್‌ಗಳು ಹಾಗೆಯೇ ಇವೆ, ಅವುಗಳಲ್ಲಿ ಪೆಟ್ರೋಲಿನ ಹರಿವನ್ನು ನಿಯಂತ್ರಿಸುವ ನೀಡಲ್‌ಗಳೂ (ಮೊನಚು ಸೂಜಿಗಳೂ) ಹಳೆಯವೇ. 4,500 ಆರ್.ಪಿ.ಎಂ. ದಾಟಿದ ಮೇಲೆ ಎಂಜಿನ್ ಎಳೆಯುವುದನ್ನೇ ಬಿಡುತ್ತದೆ. ಆಗ ಪ್ಲಗ್ ಬಿಚ್ಚಿ ನೋಡಿದರೆ ತುದಿ ಬಿಳಿಚಿಕೊಂಡಿರುತ್ತದೆ. ಒಂದೂಮುಕ್ಕಾಲು ಇಂಚಿನ ಎಸ್‌ಯು ಜೋಡಿ, ಒಂದು ವೆಬರ್ 45 ಡಿಸಿಒಇ (ಎರಡು ಗಂಟಲಿನ ಕಾರ್ಬ್ಯುರೇಟರ್), ಅಥವಾ ಪೆಟ್ರೋಲನ್ನು ಇಂಜೆಕ್ಟರ್‌ನಿಂದ ಸಿಂಪಡಿಸುವ ಎಲೆಕ್ಟ್ರಾನಿಕ್ ಇಂಜೆಕ್ಷನ್, ಈ ಮೂರರಲ್ಲಿ ಯಾವುದಕ್ಕೆ ಹೋಗಬೇಕು? ಕಾರು ಹೆಚ್ಚಾಗಿ ಓಡುವುದು ರಸ್ತೆಯಲ್ಲೇ. ಟ್ರ್ಯಾಕ್‌ಗೆ ವರ್ಷದಲ್ಲಿ ಒಂದೆರಡು ಸಲ ಮಾತ್ರ.

ಮೊದಲ ಉತ್ತರ

ಹೊಸದನ್ನು ಕೊಳ್ಳುವ ಮೊದಲು ಈಗಿರುವ ಕಾರ್ಬ್ಯುರೇಟರ್ ನಿಜಕ್ಕೂ ಚಿಕ್ಕದಾಗಿದೆಯೇ ಎಂದು ಅಳೆದು ನೋಡಿ. ಕಾರ್ಬ್ಯುರೇಟರಿನಿಂದ ಎಂಜಿನ್ನಿಗೆ ಮಿಶ್ರಣ ಒಯ್ಯುವ ಮ್ಯಾನಿಫೋಲ್ಡ್‌ಗೆ ವ್ಯಾಕ್ಯೂಮ್ ಗೇಜ್ ಜೋಡಿಸಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ, ಐದು ಸಾವಿರದ ಆಚೆಗೆ ಓದಿಕೊಳ್ಳಿ. ಮುಳ್ಳು ಸೊನ್ನೆಯ ಹತ್ತಿರವೇ ನಿಂತಿದ್ದರೆ ಗಾಳಿಗೆ ಅಡ್ಡಿಯಿಲ್ಲ ಎಂದರ್ಥ, ಕೊರತೆ ಇರುವುದು ಪೆಟ್ರೋಲಿನದು. ಬಿಳಿಚಿದ ಪ್ಲಗ್ ಕೂಡ ಅದನ್ನೇ ಹೇಳುತ್ತಿದೆ. ಹಳೆಯ ನೀಡಲ್ ಹಳೆಯ ಎಂಜಿನ್ನಿನ ಹಸಿವಿಗೆ ತಕ್ಕಂತೆ ಕಡೆದದ್ದು. ಎಂಜಿನ್ ಹೆಚ್ಚು ಗಾಳಿ ಎಳೆದಾಗ ಎಸ್‌ಯುವಿನೊಳಗೆ ನೀಡಲ್ ಹಿಡಿದಿರುವ ಪಿಸ್ಟನ್ ಇನ್ನೂ ಮೇಲೇರುತ್ತದೆ, ಆ ಎತ್ತರದಲ್ಲಿ ನೀಡಲ್ ಸಾಕಷ್ಟು ಸಣ್ಣದಾಗಿರದಿದ್ದರೆ ಮಿಶ್ರಣ ಲೀನ್ (ಪೆಟ್ರೋಲ್ ಕಡಿಮೆ) ಆಗುತ್ತದೆ. ನೀಡಲಿನ ದಪ್ಪವನ್ನು ಇಂಚಿನ ಎಂಟನೇ ಒಂದು ಭಾಗಕ್ಕೊಂದರಂತೆ ನಮೂದಿಸಿರುತ್ತಾರೆ, ಹಾಗಾಗಿ ಐಡ್ಲಿಂಗ್ ಭಾಗ ಹಾಗೆಯೇ ಇದ್ದು ತುದಿಯತ್ತ ಮಾತ್ರ ತೆಳುವಾಗಿರುವ ನೀಡಲನ್ನು ಪಟ್ಟಿ ನೋಡಿಯೇ ಆರಿಸಬಹುದು.

ದೊಡ್ಡ ಎಸ್‌ಯುಗಳಿಗೆ ಹೋದರೂ ನಿಮ್ಮ ನೀಡಲ್‌ಗಳು ಅಲ್ಲಿಗೆ ಬರುವುದಿಲ್ಲ: ಎಚ್‌ಎಸ್4ರ ಜೆಟ್ (ನೀಡಲ್ ಇಳಿಯುವ ರಂಧ್ರ) 0.090 ಇಂಚಿನದು, ಒಂದೂಮುಕ್ಕಾಲು ಇಂಚಿನ ಎಚ್‌ಎಸ್6ರದು 0.100. ಆ ಪಿಸ್ಟನ್ನಿನ ಮೇಲಿರುವ ಡ್ಯಾಶ್‌ಪಾಟ್‌ನ ಎಣ್ಣೆಯನ್ನೂ ನೋಡಿ. ಆಕ್ಸಿಲರೇಟರ್ ತಟ್ಟನೆ ಒತ್ತಿದಾಗ ಪಿಸ್ಟನ್ ಒಂದೇ ಸಲಕ್ಕೆ ಮೇಲೆ ಹಾರದಂತೆ ತಡೆದು, ಕ್ಷಣಕಾಲ ರಿಚ್ (ಪೆಟ್ರೋಲ್ ಹೆಚ್ಚಿರುವ) ಮಿಶ್ರಣ ಕೊಡುವುದು ಅದೇ. ಅಲ್ಲದೆ ಡಿಸ್ಟ್ರಿಬ್ಯೂಟರಿನ ಅಡ್ವಾನ್ಸ್ (ಕಿಡಿ ಎಷ್ಟು ಮುಂಚೆ ಹಾರುತ್ತದೆ ಎಂಬುದು) ಹೊಸ ಕ್ಯಾಮ್‌ಗೆ ಹೊಂದಿದೆಯೇ ಎಂಬುದನ್ನೂ ಪರೀಕ್ಷಿಸಿ. ಇಗ್ನಿಷನ್ ದೋಷಕ್ಕೆ ಕಾರ್ಬ್ಯುರೇಟರ್ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಎರಡನೇ ಉತ್ತರ

ಇದೇ ಎಂಜಿನ್ನಿಗೆ ನಾನು 45 ಡಿಸಿಒಇ ಕೂರಿಸಿ ಬಹಳ ಕಾಲ ಓಡಿಸಿದ್ದೇನೆ. ಟ್ರ್ಯಾಕ್‌ನಲ್ಲಿ ಅದರ ಎಳೆತ ಮನಸ್ಸಿಗೆ ಹಿತವಾಗಿತ್ತು. ರಸ್ತೆಯಲ್ಲಿ ಹಿಡಿತಕ್ಕೆ ಬರಲು ತಿಂಗಳುಗಳೇ ಬೇಕಾದವು. 34 ಮಿ.ಮೀ. ಚೋಕ್ (ಗಾಳಿಯ ದಾರಿಯ ಕಿರಿದಾದ ಭಾಗ) ಹಾಕಿ, ಅದರ ನಾಲ್ಕು ಪಟ್ಟು ಎಂಬ ರೂಢಿಯ ಲೆಕ್ಕದಂತೆ 135ರ ಮೇನ್ ಜೆಟ್‌ನಿಂದ ಆರಂಭಿಸಿದೆ. ಆದರೆ ರಸ್ತೆಯ ಓಟದ ಬಹುಪಾಲು ನಡೆಯುವುದು ಮೇನ್ ಜೆಟ್ ಮೇಲಲ್ಲ, ಐಡಲ್ ಜೆಟ್ ಮತ್ತು ಮೇನ್ ಜೆಟ್ ಕೆಲಸಕ್ಕೆ ಬರುವವರೆಗೆ ಪೆಟ್ರೋಲ್ ಕೊಡುವ ಪ್ರೋಗ್ರೆಷನ್ ರಂಧ್ರಗಳ ಮೇಲೆ. ಅಲ್ಲಿ ತಪ್ಪಿದರೆ ಎರಡೂವರೆ ಸಾವಿರದ ಸುತ್ತ ಕಾರು ಮುಗ್ಗರಿಸುತ್ತದೆ.

ಇನ್ನೊಂದು ಪಾಠವನ್ನು ಕಷ್ಟಪಟ್ಟೇ ಕಲಿತೆ. ಕಾರ್ಬ್ಯುರೇಟರನ್ನು ಮ್ಯಾನಿಫೋಲ್ಡ್‌ಗೆ ಗಟ್ಟಿಯಾಗಿ ಬಿಗಿದುಬಿಟ್ಟಿದ್ದರಿಂದ ಎಂಜಿನ್ನಿನ ಅದುರಿಗೆ ಫ್ಲೋಟ್ ಚೇಂಬರಿನ (ಕಾರ್ಬ್ಯುರೇಟರಿನ ಪುಟ್ಟ ತೊಟ್ಟಿಯ) ಪೆಟ್ರೋಲ್ ನೊರೆಯಾಗಿ, ವೇಗ ಏರಿದಾಗಲೆಲ್ಲ ಎಂಜಿನ್ ತಡವರಿಸುತ್ತಿತ್ತು. ನಡುವೆ ರಬ್ಬರ್ ರಿಂಗಿನ ಪ್ಲೇಟ್ ಇಟ್ಟು, ನಟ್‌ಗಳ ಕೆಳಗೆ ಸ್ಪ್ರಿಂಗ್ ವಾಷರ್ ಹಾಕಿ, ಕೈಯಲ್ಲಿ ಒತ್ತಿದರೆ ತುಸು ಅಲುಗುವಷ್ಟು ಸಡಿಲ ಬಿಟ್ಟ ಮೇಲೆ ಅದು ನಿಂತಿತು. ಟ್ರ್ಯಾಕ್ ನಿಮಗೆ ವರ್ಷಕ್ಕೆ ಎರಡೇ ದಿನವಾದರೆ, ವೆಬರ್ ಹಾಕಿಸಿ ಎಂದು ನಾನು ಹೇಳಲಾರೆ.

ಮೂರನೇ ಉತ್ತರ

ಇಂಜೆಕ್ಷನ್ ಬಗ್ಗೆ ಎರಡು ಅಂಶಗಳನ್ನು ಮೊದಲೇ ತಿಳಿದಿರಬೇಕು. ಈ ಹೆಡ್‌ನಲ್ಲಿ ನಾಲ್ಕು ಸಿಲಿಂಡರ್‌ಗಳಿಗೆ ಇನ್‌ಲೆಟ್ ಪೋರ್ಟ್ ಇರುವುದು ಎರಡೇ. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಉರಿಯುವ ಸರದಿ) 1-3-4-2 ಆದ್ದರಿಂದ ಒಂದೇ ಪೋರ್ಟನ್ನು ಹಂಚಿಕೊಂಡ 2 ಮತ್ತು 1ನೆಯ ಸಿಲಿಂಡರ್‌ಗಳು ಕ್ರ್ಯಾಂಕಿನ ತಿರುಗಾಟದ 180 ಡಿಗ್ರಿ ಅಂತರದಲ್ಲಿ ಬೆನ್ನುಬೆನ್ನಿಗೆ ಗಾಳಿ ಎಳೆಯುತ್ತವೆ, ಮತ್ತೆ 2ರ ಸರದಿ ಬರುವುದು 540 ಡಿಗ್ರಿಯ ನಂತರ. 3 ಮತ್ತು 4ರ ಕಥೆಯೂ ಅದೇ. ಪೋರ್ಟ್‌ನಲ್ಲಿ ಇಂಜೆಕ್ಟರ್ ಇಟ್ಟು ಹೊತ್ತುಗೊತ್ತಿಲ್ಲದೆ ಸಿಂಪಡಿಸಿದರೆ ಜೋಡಿಯಲ್ಲಿ ಒಂದು ಸಿಲಿಂಡರ್ ರಿಚ್, ಇನ್ನೊಂದು ಲೀನ್ ಆಗುತ್ತದೆ. ಇಂಥದೇ ಪೋರ್ಟ್‌ಗಳಿದ್ದ ಮಿನಿ ಕಾರಿಗೆ 1996ರಲ್ಲಿ ಎರಡು ಇಂಜೆಕ್ಟರ್‌ಗಳ ವ್ಯವಸ್ಥೆ ಬಂತು, ಆದರೆ ಅದು ನಿಂತಿರುವುದೇ ಸಿಂಪಡಿಸುವ ಕ್ಷಣದ ನಿಖರತೆಯ ಮೇಲೆ. ಥ್ರಾಟಲ್ ಬಾಡಿಯಲ್ಲೇ ಪೆಟ್ರೋಲ್ ಬೆರೆಸುವ ಸಿಂಗಲ್ ಪಾಯಿಂಟ್ ವ್ಯವಸ್ಥೆಯಲ್ಲಿ ಈ ತೊಂದರೆ ಅಷ್ಟಾಗಿ ಕಾಡುವುದಿಲ್ಲ.

ಎರಡನೆಯದು ವಿದ್ಯುತ್ತಿನದು. 1966ರ ಕಾರಿನಲ್ಲಿ ಪಾಸಿಟಿವ್ ಅರ್ಥ್ (ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಬಾಡಿಗೆ ಜೋಡಣೆ) ಇದೆ, ಜೊತೆಗೆ 22 ಆಂಪಿಯರಿನ ಡೈನಮೊ. ಇಂಜೆಕ್ಷನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯುಗೆ ಬೇಕಾದದ್ದು ನೆಗೆಟಿವ್ ಅರ್ಥ್; ಹೆಡ್‌ಲೈಟ್ ಹಾಕಿಕೊಂಡು ನಿಧಾನವಾಗಿ ಸಾಗುವಾಗ ಹೈ ಪ್ರೆಷರ್ ಪಂಪನ್ನೂ ಇಂಜೆಕ್ಟರ್‌ಗಳನ್ನೂ ಆ ಡೈನಮೊ ಸಾಕಲಾರದು. ಆಲ್ಟರ್ನೇಟರ್, ಸುಮಾರು 3 ಬಾರ್ ಒತ್ತಡ ತಡೆಯುವ ಪೈಪುಗಳು, ಟ್ಯಾಂಕಿಗೆ ರಿಟರ್ನ್ ಲೈನ್, ಕ್ರ್ಯಾಂಕ್ ಸೆನ್ಸರ್, ಇವೆಲ್ಲ ಸೇರಿದರೆ ಮಾತ್ರ ಅದು ಇಂಜೆಕ್ಷನ್.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ಗೇಜ್ ಜೋಡಿಸಿ ನೋಡಿದೆ: 5,200ರಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗಲೂ ಮುಳ್ಳು ಸೊನ್ನೆಯಿಂದ ಕದಲಲಿಲ್ಲ. ಎಕ್ಸಾಸ್ಟ್‌ಗೆ ವೈಡ್‌ಬ್ಯಾಂಡ್ ಸೆನ್ಸರನ್ನೂ ಹಾಕಿಸಿದೆ. ಅದೇ ವೇಗದಲ್ಲಿ ಗಾಳಿ-ಪೆಟ್ರೋಲ್ ಅನುಪಾತ 14.6 ತೋರಿಸಿತು. ಎಚ್‌ಎಸ್4 ಜೋಡಿಯನ್ನೇ ಉಳಿಸಿಕೊಂಡು, ತುದಿ ತೆಳುವಾದ ನೀಡಲ್‌ಗಳನ್ನು ತರಿಸುತ್ತಿದ್ದೇನೆ.

ಮೊದಲ ಉತ್ತರ ಬರೆದವರಿಂದ

ಪೂರ್ಣ ಲೋಡಿನಲ್ಲಿ ಆ ಅನುಪಾತ 12.5ರಿಂದ 13ರ ನಡುವೆ ಇರಲಿ. 14.6ರಲ್ಲಿ ಇನ್ನು ಓಡಿಸಬೇಡಿ, ಎಂಜಿನ್ನಿನ ಪಿಸ್ಟನ್ ಸುಟ್ಟೀತು. ನೀಡಲ್ ಬರುವವರೆಗೆ ಪಂಪಿನಿಂದ ಫ್ಲೋಟ್ ಚೇಂಬರಿಗೆ ಪೆಟ್ರೋಲ್ ಸರಾಗವಾಗಿ ಬರುತ್ತಿದೆಯೇ ನೋಡಿಕೊಳ್ಳಿ. ನೀಡಲ್ ಬದಲಿಸಲು ಎಸ್‌ಯುಗಳ ಪಿಸ್ಟನ್‌ಗಳನ್ನು ಹೊರತೆಗೆಯುವಾಗ ಯಾವುದು ಯಾವ ಕಾರ್ಬ್ಯುರೇಟರಿನದು ಎಂದು ಗುರುತು ಹಾಕಿಡಿ. ಪಿಸ್ಟನ್ನೂ ಅದರ ಮೇಲಿನ ಮುಚ್ಚಳವಾದ ಡೋಮ್ ಕೂಡ ಜೋಡಿಯಾಗಿಯೇ ತಯಾರಾದವು, ಅದಲುಬದಲಾದರೆ ಸಿಕ್ಕಿಕೊಳ್ಳುತ್ತವೆ.